ಗೋಡೆಯೊಳಗಿನ ಬಿಸಿನೀರು

ನುಣ್ಣಗೆ ಗಿಲಾವು ಮಾಡಿದ ಗೋಡೆಯ ಮೇಲೆ ಬಿಸಿನೀರಿನ ಕೊಳವೆಗಳು ಹರಿದಾಡುವುದು ಯಾರಿಗೂ ರುಚಿಸುವುದಿಲ್ಲ. ಇಂಗ್ಲೆಂಡಿನಲ್ಲಿ ಹಳೆಯ ಮನೆ ಕೊಂಡು ಸ್ನಾನಗೃಹವನ್ನು ಹೊಸದಾಗಿಸುವ ನಮ್ಮವರು, ಈ ಪೈಪುಗಳನ್ನು ಗೋಡೆಯೊಳಗೆ ಹೂಳಬಾರದೇ ಎಂದು ಕೇಳುವುದುಂಟು. ಊರಿನಲ್ಲಿ ಅದೇ ವಾಡಿಕೆ: ಇಟ್ಟಿಗೆ ಗೋಡೆಯನ್ನು ಕಟ್ಟರಿನಿಂದ ಸೀಳಿ, ಸಿಪಿವಿಸಿ ಪೈಪು ಕೂರಿಸಿ, ಸಿಮೆಂಟು ಮೆತ್ತಿ, ಟೈಲ್ಸ್ ಹಾಕಿದರೆ ಮುಗಿಯಿತು. ನಾನು ವೈದ್ಯ, ಪ್ಲಂಬರ್ ಅಲ್ಲ. ಆದರೆ ನನ್ನ ಮನೆಯ ಕೆಲಸವನ್ನು ಹತ್ತಿರ ನಿಂತು ಮಾಡಿಸಿದ್ದೇನೆ. ನೀರಿನ ಉಷ್ಣತೆ ತಪ್ಪಿದರೆ ದೇಹಕ್ಕೆ ಏನಾಗುತ್ತದೆಂಬುದು ನನ್ನ ವೃತ್ತಿಯ ಪಾಠ. ಹಾಗಾಗಿ ಇದು ಕೇವಲ ಅಂದಚೆಂದದ ಪ್ರಶ್ನೆಯಾಗಿ ನನಗೆ ತೋರುವುದಿಲ್ಲ.

ಮೊದಲು ಲೋಹದ ಸ್ವಭಾವ. 3 ಮೀಟರ್ ಉದ್ದದ ತಾಮ್ರದ ಕೊಳವೆಯಲ್ಲಿ 10 ಡಿಗ್ರಿಯ ನೀರಿನ ಬದಲು 60 ಡಿಗ್ರಿಯ ನೀರು ಹರಿದರೆ ಅದು ಸುಮಾರು ಎರಡೂವರೆ ಮಿಲಿಮೀಟರ್ ಹಿಗ್ಗುತ್ತದೆ. ಅಷ್ಟೇ ಉದ್ದದ ಸಿಪಿವಿಸಿ ಹಿಗ್ಗುವುದು ಇದರ ಮೂರು ನಾಲ್ಕು ಪಟ್ಟು. ದಿನಕ್ಕೆ ಹತ್ತಾರು ಬಾರಿ ಹಿಗ್ಗಿ ಕುಗ್ಗುವ ಈ ಕೊಳವೆಯನ್ನು ಗಾರೆಯಲ್ಲಿ ಬಿಗಿಯಾಗಿ ಹಿಡಿದಿಟ್ಟರೆ, ಗಿಲಾವಿನ ಮೇಲೆ ಕೊಳವೆಯ ದಾರಿಯುದ್ದಕ್ಕೂ ಕೂದಲೆಳೆಯ ಬಿರುಕು ಮೂಡಬಹುದು. ಒತ್ತಡವೆಲ್ಲ ಮೂಲೆಯ ಬೆಸುಗೆಯ ಮೇಲೆ ಬೀಳುತ್ತದೆ. ರಾತ್ರಿ ಗೋಡೆಯೊಳಗಿಂದ ಟಿಕ್ ಟಿಕ್ ಎಂಬ ಸದ್ದು ಬರುವುದೂ ಇದರಿಂದಲೇ. ಆದ್ದರಿಂದ ಕೊಳವೆಗೆ ಮೃದುವಾದ ಹೊದಿಕೆ ಬೇಕು. ಅದು ಹಿಗ್ಗಲು ಜಾಗ ಕೊಡುತ್ತದೆ, ಶಾಖವನ್ನು ಉಳಿಸುತ್ತದೆ, ತೇವದ ಗಾರೆ ತಾಮ್ರವನ್ನು ತಿನ್ನದಂತೆಯೂ ಕಾಯುತ್ತದೆ.

ಹೊದಿಕೆ ಹಾಕಿದೊಡನೆ ಕೊಳವೆ ದಪ್ಪವಾಗುತ್ತದೆ. ಆಗ ಗೋಡೆಯ ತಕರಾರು ಶುರು. ಇಲ್ಲಿನ ಕಟ್ಟಡ ನಿಯಮಗಳ ಮಾರ್ಗದರ್ಶಿಯಂತೆ ಲಂಬವಾದ ಸೀಳು ಗೋಡೆಯ ದಪ್ಪದ ಮೂರನೆಯ ಒಂದು ಪಾಲನ್ನೂ, ಅಡ್ಡ ಸೀಳು ಆರನೆಯ ಒಂದು ಪಾಲನ್ನೂ ಮೀರಬಾರದು. 100 ಮಿಲಿಮೀಟರ್ ಗೋಡೆಯಲ್ಲಿ ಅಡ್ಡಕ್ಕೆ ಸಿಗುವುದು 17 ಮಿಲಿಮೀಟರಿಗಿಂತ ಕಡಿಮೆ. 15 ಮಿಲಿಮೀಟರಿನ ಕೊಳವೆ ಹೊದಿಕೆಯೊಡನೆ ಅದರಲ್ಲಿ ಹಿಡಿಯುವುದಿಲ್ಲ. ಜಾಣತನವೆಂದರೆ ಅಡ್ಡದಾರಿಯನ್ನೆಲ್ಲ ನೆಲದ ಹಲಗೆಗಳ ಕೆಳಗೆ ಸಾಗಿಸಿ, ನಲ್ಲಿಯ ನೇರಕ್ಕೆ ಮಾತ್ರ ಮೇಲೇರಿಸುವುದು. 1999ರ ನೀರು ಸರಬರಾಜು ನಿಯಮಗಳು ಇನ್ನೂ ಕಟ್ಟುನಿಟ್ಟು: ಕೊಳವೆಯನ್ನು ಗೋಡೆಯಲ್ಲಿ ನೇರವಾಗಿ ಹುದುಗಿಸಿಬಿಡುವಂತಿಲ್ಲ, ಕೀಲು, ಕವಾಟ ಮುಂತಾಗಿ ದುರಸ್ತಿ ಬೇಡುವ ಯಾವುದೂ ಕೈಗೆಟುಕದ ಕಡೆ ಇರಕೂಡದು.

ಇನ್ನು ನನ್ನ ಕ್ಷೇತ್ರ. 1976ರಲ್ಲಿ ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ನಡೆದ ಮಾಜಿ ಸೈನಿಕರ ಸಮಾವೇಶದ ನಂತರ ಗುರುತಿಸಲ್ಪಟ್ಟ ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ, 20ರಿಂದ 45 ಡಿಗ್ರಿಯ ನಿಂತ ನೀರಿನಲ್ಲಿ ಹುಲುಸಾಗಿ ಬೆಳೆಯುತ್ತದೆ. ಷವರಿನ ತುಂತುರಿನೊಡನೆ ಶ್ವಾಸಕೋಶ ಹೊಕ್ಕು, ವಯಸ್ಸಾದವರಲ್ಲಿ, ಧೂಮಪಾನಿಗಳಲ್ಲಿ ತೀವ್ರ ನ್ಯುಮೋನಿಯಾ ತರುತ್ತದೆ. ಹೊದಿಕೆಯಿಲ್ಲದ ಬಿಸಿ ಕೊಳವೆಯನ್ನೂ ತಣ್ಣೀರಿನ ಕೊಳವೆಯನ್ನೂ ಒಂದೇ ಸೀಳಿನಲ್ಲಿ ಮಲಗಿಸಿದರೆ ಬಿಸಿಯದು ಆರುತ್ತದೆ, ತಣ್ಣನೆಯದು ಬೆಚ್ಚಗಾಗುತ್ತದೆ. ಎರಡೂ ರೋಗಾಣುವಿಗೆ ಹಿತವಾದ ಉಗುರುಬೆಚ್ಚಗಿನ ಹದಕ್ಕೆ ಬರುತ್ತವೆ. ಹಳೆಯ ಷವರನ್ನು ಕಿತ್ತು, ಅದರ ಕೊಳವೆಯ ಬಾಯಿಗೆ ಮುಚ್ಚಳ ಹಾಕಿ ಗೋಡೆಯೊಳಗೇ ಬಿಟ್ಟುಬಿಡುವ ಪದ್ಧತಿ ಇನ್ನೂ ಕೆಟ್ಟದ್ದು, ಏಕೆಂದರೆ ಆ ನೀರು ಎಂದೂ ಚಲಿಸುವುದಿಲ್ಲ. ಅಂಥ ತುಂಡನ್ನು ಬುಡದಲ್ಲೇ ಕತ್ತರಿಸಬೇಕು.

ಹಾಗೆಂದು ನೀರನ್ನು 60 ಡಿಗ್ರಿಯಲ್ಲೇ ನಲ್ಲಿಗೆ ಬಿಡಲಾಗದು. ಆ ಉಷ್ಣತೆಯಲ್ಲಿ ವಯಸ್ಕರ ಚರ್ಮವೂ ಐದಾರು ಸೆಕೆಂಡಿನಲ್ಲಿ ಆಳವಾಗಿ ಸುಡುತ್ತದೆ. ಮಗುವಿನದು ಇನ್ನೂ ಬೇಗ. ತೊಟ್ಟಿಯಲ್ಲಿ 60, ಸ್ನಾನದ ಟಬ್ಬಿನಲ್ಲಿ ಹೆಚ್ಚೆಂದರೆ 48 ಎಂಬುದು ಇಲ್ಲಿನ ಹೊಸ ಮನೆಗಳ ಲೆಕ್ಕ. ನಡುವೆ ಬಿಸಿ-ತಣ್ಣೀರನ್ನು ಹದವಾಗಿ ಬೆರೆಸುವ ಕವಾಟವೊಂದು ಬೇಕು. ಅದು ನಲ್ಲಿಗೆ ಆದಷ್ಟು ಹತ್ತಿರವಿರಲಿ. ಬೆರೆತ ನೀರಿನ ದಾರಿ ಉದ್ದವಾದಷ್ಟೂ ಮತ್ತೆ ಅದೇ ಉಗುರುಬೆಚ್ಚಗಿನ ತೊಂದರೆ. ಈ ಕವಾಟವನ್ನೂ ಟೈಲ್ಸಿನ ಹಿಂದೆ ಹೂತುಬಿಡುವವರಿದ್ದಾರೆ!

ಊರಿನಲ್ಲಿ ಮನೆ ಕಟ್ಟಿಸುತ್ತಿರುವ ಓದುಗರಿಗೂ ಒಂದು ಮಾತು. ತಾರಸಿಯ ಸೋಲಾರಿನಿಂದ ಕೆಳಗಿನ ಬಚ್ಚಲಿಗೆ 20 ಮೀಟರ್ ಮುಕ್ಕಾಲು ಇಂಚಿನ ಪೈಪಿದ್ದರೆ, ಬಿಸಿನೀರು ಬರುವ ಮೊದಲು ಸುಮಾರು ಐದು ಲೀಟರ್ ತಣ್ಣೀರು ಹರಿದುಹೋಗಬೇಕು. ಬರಿಯ ಪೈಪನ್ನು ಗೋಡೆಯಲ್ಲಿ ಹೂತರೆ ನಾವು ಕಾಯಿಸುವುದು ಇಟ್ಟಿಗೆಯನ್ನು. ಹೊದಿಕೆಗೆ ಮೇಸ್ತ್ರಿಯವರು ‘ಅದೆಲ್ಲ ಏಕೆ ಸಾರ್’ ಎಂದಾರು; ಬಿಡದೆ ಹಾಕಿಸಿ.

ಗಿಲಾವಿಗೆ ಮುನ್ನ ಕೊಳವೆಗಳಿಗೆ ನೀರು ತುಂಬಿಸಿ, ಬಳಕೆಯ ಗರಿಷ್ಠ ಒತ್ತಡದ ಒಂದೂವರೆ ಪಟ್ಟಿಗೇರಿಸಿ ಒಂದು ಗಂಟೆ ಬಿಡಬೇಕು. ಒತ್ತಡಮಾಪಕದ ಮುಳ್ಳು ಇಳಿಯದಿದ್ದರೆ, ಮೂಲೆಯಿಂದ ಅಳತೆಪಟ್ಟಿ ಹಿಡಿದು ಪ್ರತಿಯೊಂದು ಗೋಡೆಯ ಛಾಯಾಚಿತ್ರ ತೆಗೆದಿಡಿ. ಮುಂದೆ ಕನ್ನಡಿಗೋ ಚಿತ್ರಕ್ಕೋ ಮೊಳೆ ಹೊಡೆಯುವವರು ಅದನ್ನೇ ನೋಡುತ್ತಾರೆ.