ನಿಂಗ್ಲಿ ನಾಲಾದ ನೀರು ಕುಡಿದವರು

ಗುಲ್ಮಾರ್ಗ್ ಎಂದರೆ ನಮಗೆ ಹಿಮ, ದೇವದಾರು, ಹಳೆಯ ಹಿಂದಿ ಸಿನಿಮಾದ ಹಾಡು. ಯಕೃತ್ತಿನ ಕಾಯಿಲೆಗಳ ಚರಿತ್ರೆಯಲ್ಲಿ ಆ ಹೆಸರು ಬರುವುದು ಬೇರೆ ಕಾರಣಕ್ಕೆ. 1978ರ ನವೆಂಬರ್‌ನಲ್ಲಿ ಗುಲ್ಮಾರ್ಗ್ ಮತ್ತು ಸೋಪೋರ್ ನಡುವಿನ ಹಳ್ಳಿಗಳಲ್ಲಿ ಕಾಮಾಲೆ ಕಾಣಿಸಿಕೊಂಡಿತು. ಮರುವರ್ಷ ಏಪ್ರಿಲ್ ಹೊತ್ತಿಗೆ ಅಂದಾಜು 52,000 ಜನರ ಕಣ್ಣು ಹಳದಿಯಾಗಿ, 1,700 ಮಂದಿ ತೀರಿಕೊಂಡಿದ್ದರು.

ಕಾಮಾಲೆ ನೀರಿನಿಂದ ಹರಡಿದರೆ ಅದು ಹೆಪಟೈಟಿಸ್ ಎ, ರಕ್ತದಿಂದ ಬಂದರೆ ಬಿ ಅಥವಾ ಇನ್ನೂ ಹೆಸರಿಲ್ಲದ ಇನ್ನೊಂದು ಎಂಬುದು ಆಗಿನ ಲೆಕ್ಕ. ಶ್ರೀನಗರದ ಯುವ ವೈದ್ಯ ಮೊಹಮ್ಮದ್ ಸುಲ್ತಾನ್ ಖುರೂ ಅವರಿಗೆ ಈ ಲೆಕ್ಕ ಕೂಡಿಬರಲಿಲ್ಲ. ನಮ್ಮ ಹಳ್ಳಿಗಳಂತೆ ಅಲ್ಲಿಯೂ ಎ ವೈರಾಣು ಆಗ ಬಾಲ್ಯದಲ್ಲೇ ಬಂದುಹೋಗಿರುತ್ತಿತ್ತು, ದೊಡ್ಡವರಿಗೆ ಮತ್ತೆ ತಗಲುತ್ತಿರಲಿಲ್ಲ. ಇಲ್ಲಿ ಮಲಗಿದ್ದವರಲ್ಲಿ ಹೆಚ್ಚಿನವರು ದುಡಿಯುವ ವಯಸ್ಸಿನವರು. ರಕ್ತ ಪರೀಕ್ಷೆಯಲ್ಲಿ ಹೊಸದಾಗಿ ಎ ಸೋಂಕಿದ ಗುರುತು ಸಿಗಲಿಲ್ಲ, ಬಿ ಕೂಡ ಕಾರಣವಾಗಿರಲಿಲ್ಲ. ರೋಗ ಹಬ್ಬಿದ ಹಳ್ಳಿಗಳಿಗೆಲ್ಲ ಇದ್ದ ನಂಟು ಒಂದೇ: ಅವು ನಿಂಗ್ಲಿ ನಾಲಾದ ನೀರನ್ನು ಕುಡಿಯುತ್ತಿದ್ದವು.

ಆಸ್ಪತ್ರೆಯಲ್ಲೇ ಕುಳಿತಿದ್ದರೆ ಈ ಕಥೆ ಅರ್ಧಕ್ಕೇ ನಿಲ್ಲುತ್ತಿತ್ತು. ವಾರ್ಡಿಗೆ ಬರುವವರು ಹೊತ್ತು ತರಬೇಕಾದಷ್ಟು ಹದಗೆಟ್ಟವರು. ಅವರಲ್ಲಿ ಬಸುರಿಯರು ಹೆಚ್ಚಾಗಿ ಕಂಡರೂ ಅದರಿಂದ ಏನನ್ನೂ ಹೇಳಲಾಗದು, ಮನೆಯವರು ಅವರನ್ನೇ ಮೊದಲು ಕರೆತಂದಿರಬಹುದು. ಊರಲ್ಲಿ ಎಷ್ಟು ಬಸುರಿಯರಿದ್ದರು, ಎಷ್ಟು ಜನಕ್ಕೆ ಕಾಮಾಲೆ ಬರಲೇ ಇಲ್ಲ ಎಂಬುದು ಗೊತ್ತಾಗಬೇಕು. ಖುರೂ ತಂಡ ಮನೆಮನೆ ಸುತ್ತಿ ಎಣಿಸಿತು. 208 ಬಸುರಿಯರಲ್ಲಿ 36 ಮಂದಿಗೆ ಕಾಮಾಲೆ. ಬಸುರಿಯರಲ್ಲದ 3,350 ಹೆಂಗಸರಲ್ಲಿ ಬರೀ 71, ಗಂಡಸರು 3,822ರಲ್ಲಿ 107. ಆ 36 ಬಸುರಿಯರಲ್ಲಿ ಎಂಟು ಜನರ ಯಕೃತ್ತು ಹಠಾತ್ತನೆ ಸೋತುಹೋಗಿತ್ತು. ಆ 71 ಹೆಂಗಸರಲ್ಲಿ ಹಾಗಾದವರು ಒಬ್ಬರೂ ಇಲ್ಲ. ಯಂತ್ರವೇನೂ ಬೇಡದ ಈ ಎಣಿಕೆಯೇ ನನಗೆ ಇಡೀ ಶೋಧದ ಜೀವಾಳ ಅನ್ನಿಸುತ್ತದೆ.

1980ರಲ್ಲಿ ಖುರೂ ತಮ್ಮ ಪ್ರಬಂಧದಲ್ಲಿ ಇನ್ನೊಂದು ವೈರಾಣು ಇರಬಹುದೆಂದು ಬರೆದರು. ಅದೇ ವರ್ಷ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯವರೂ ಅಮೆರಿಕದ ಸಂಶೋಧಕರೂ ಕೂಡಿ ಹಳೆಯ ರಕ್ತದ ಮಾದರಿಗಳನ್ನು ಪರೀಕ್ಷಿಸಿದ ವರದಿ ಬಂತು. ಅವುಗಳಲ್ಲಿ 1955-56ರ ದೆಹಲಿಯ ಕಾಮಾಲೆಯದೂ ಇತ್ತು. ಯಮುನೆ ಪಾತ್ರ ಬದಲಿಸಿ, ನಜಫ್‌ಗಢ ನಾಲೆಯ ಕೊಳಚೆ ವಜೀರಾಬಾದಿನ ನೀರೆತ್ತುವ ಜಾಗಕ್ಕೇ ನುಗ್ಗಿ, 29,000ಕ್ಕೂ ಹೆಚ್ಚು ಜನ ಮಲಗಿದ್ದ ವರ್ಷ ಅದು. ಆಗಲೂ ಬಸುರಿಯರ ಸಾವು ಕಣ್ಣಿಗೆ ಬಿದ್ದಿತ್ತು. ಆದರೂ ಕಾಲು ಶತಮಾನ ಅದನ್ನು ಹೆಪಟೈಟಿಸ್ ಎ ಎಂದೇ ಪುಸ್ತಕಗಳಲ್ಲಿ ಓದಲಾಗಿತ್ತು. ಪರೀಕ್ಷೆಯಲ್ಲಿ ಅದು ಎ ಅಲ್ಲ ಎಂದು ಹೊರಬಿತ್ತು.

ವೈರಾಣುವನ್ನು ಕಣ್ಣಾರೆ ಕಂಡವರು ಸೋವಿಯತ್ ವಿಜ್ಞಾನಿ ಮಿಖಾಯಿಲ್ ಬಲಯಾನ್. ಅವರ ದಾರಿ ಕೇಳಿದರೆ ಹೊಟ್ಟೆ ತೊಳಸುತ್ತದೆ. ಕಾಮಾಲೆಯಾದ ಒಂಬತ್ತು ಮಂದಿಯ ಮಲದಿಂದ ತೆಗೆದ ಸಾರವನ್ನು ಮೊಸರಿಗೆ ಬೆರೆಸಿ ಅವರೇ ಕುಡಿದರು. ಹೆಪಟೈಟಿಸ್ ಎ ವಿರುದ್ಧ ಪ್ರತಿಕಾಯ ತಮ್ಮ ಮೈಯಲ್ಲಿರುವುದು ಅವರಿಗೆ ತಿಳಿದಿತ್ತು. 36ನೇ ದಿನ ಕಾಯಿಲೆ ಬಿದ್ದರು; ಅವರದೇ ಮಲದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ದುಂಡನೆಯ ಕಣಗಳು ಕಂಡವು. 1983ರ ಈ ಪ್ರಯೋಗಕ್ಕೆ ಇಂದು ಯಾವ ನೈತಿಕ ಸಮಿತಿಯೂ ಸಹಿ ಹಾಕದು. 1990ರಲ್ಲಿ ಅಮೆರಿಕದ ಗ್ರೆಗರಿ ರೇಯಸ್ ತಂಡ ಅದರ ಜೀನನ್ನು ಹಿಡಿಯಿತು. ಹೆಪಟೈಟಿಸ್ ಇ ಎಂಬ ಹೆಸರು ನಿಂತಿತು.

ಖುರೂ ಅಷ್ಟರಲ್ಲಿ ಕಣಿವೆಯ ಬೇರೆ ಕಾಯಿಲೆಗಳಿಗೆ ಕೈಹಾಕಿದ್ದರು. ಪಿತ್ತನಾಳಕ್ಕೆ ನುಗ್ಗುವ ಜಂತುಹುಳುಗಳ ಬಗ್ಗೆ 500 ರೋಗಿಗಳ ಅಧ್ಯಯನ 1990ರಲ್ಲಿ ಬಂತು. ನಾಯಿ, ಕುರಿಗಳ ನಡುವೆ ಬದುಕುವವರ ಯಕೃತ್ತಿನಲ್ಲಿ ಬೆಳೆಯುವ ಹೈಡಾಟಿಡ್ ಗಡ್ಡೆಯನ್ನು ಹೊಟ್ಟೆ ಕೊಯ್ಯದೆ ಸೂಜಿಯಿಂದ ಬರಿದು ಮಾಡಬಹುದೆಂದು 1997ರಲ್ಲಿ ತೋರಿಸಿದರು. ಹುಣ್ಣಿನಿಂದ ರಕ್ತ ಸೋರುವವರಿಗೆ ಒಮೆಪ್ರಜೋಲ್ ಮಾತ್ರೆಯ ಪ್ರಯೋಗವೂ ಅದೇ ವರ್ಷದ್ದು.

ಇ ವೈರಾಣುವಿಗೆ ಲಸಿಕೆ ತಯಾರಾದದ್ದು ಚೀನಾದಲ್ಲಿ, ಅಲ್ಲಿ ಅನುಮತಿ ಸಿಕ್ಕಿದ್ದು 2011ರಲ್ಲಿ. ಹಬ್ಬುತ್ತಿರುವ ರೋಗವನ್ನು ತಡೆಯಲೆಂದು ಅದನ್ನು ಮೊದಲ ಬಾರಿ ಚುಚ್ಚಿದ್ದು ದಕ್ಷಿಣ ಸುಡಾನಿನ ಬೆಂಟಿಯು ನಿರಾಶ್ರಿತರ ಶಿಬಿರದಲ್ಲಿ, 2022ರಲ್ಲಿ. ಬಸುರಿಯರನ್ನೂ ಬಿಡದೆ ಹಾಕಿದರು.