ಲ್ಯಾಪ್‌ಟಾಪಿನಲ್ಲಿ ಹಳೆಯ ಕಾರ್ಯಾಚರಣಾ ವ್ಯವಸ್ಥೆ: ಗಮನಿಸಬೇಕಾದ ಅಂಶಗಳು

ಗಣಕಯಂತ್ರದ ಎಲ್ಲ ಕೆಲಸಗಳಿಗೂ ಆಧಾರವಾದ ಮೂಲ ತಂತ್ರಾಂಶವೇ ಕಾರ್ಯಾಚರಣಾ ವ್ಯವಸ್ಥೆ. ಹೊಸ ಲ್ಯಾಪ್‌ಟಾಪಿನೊಡನೆ ಬಂದ ವಿಂಡೋಸ್ 11 ಅನ್ನು ತೆಗೆದು, ರೂಢಿಯಲ್ಲಿದ್ದ ವಿಂಡೋಸ್ 10 ಅನ್ನು ಅಳವಡಿಸಿಕೊಳ್ಳಲು ಕೆಲವರು ಬಯಸುವುದುಂಟು. ಹಳೆಯ ಪ್ರಿಂಟರ್ ಅಥವಾ ಲೆಕ್ಕಪತ್ರದ ತಂತ್ರಾಂಶವು ಹೊಸದರಲ್ಲಿ ನಡೆಯದಿರುವುದು ಇದಕ್ಕೊಂದು ಕಾರಣ.

ಆದರೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ವಿಸ್ತೃತ ಭದ್ರತಾ ಯೋಜನೆಗೆ ಸೇರದ ಯಂತ್ರಗಳಿಗೆ, ಅನಂತರ ಕಂಡುಬರುವ ಲೋಪಗಳ ಪರಿಹಾರವು ದೊರೆಯದು. ಬ್ಯಾಂಕ್ ವ್ಯವಹಾರಕ್ಕೆ ಅಂತಹ ಯಂತ್ರ ಕ್ಷೇಮಕರವಲ್ಲ.

ಬದಲಾವಣೆ ಅನಿವಾರ್ಯವಾದಲ್ಲಿ, ಮೊದಲು ಕಡತಗಳ ಪ್ರತಿಯನ್ನು ಬೇರೆಡೆ ಇರಿಸತಕ್ಕದ್ದು; ಡಿಸ್ಕನ್ನು ಬರಿದು ಮಾಡಿ ಅಳವಡಿಸಿದಾಗ ಅದರಲ್ಲಿದ್ದುದೆಲ್ಲವೂ ಅಳಿದುಹೋಗುತ್ತದೆ. ಧ್ವನಿ, ಪರದೆ, ವೈ-ಫೈಗಳನ್ನು ನಡೆಸುವ ಡ್ರೈವರ್‌ಗಳು ಹಳೆಯ ಆವೃತ್ತಿಗೆ ತಯಾರಕರಿಂದ ದೊರೆಯುವುವೇ ಎಂಬುದನ್ನೂ ಮುಂಚಿತವಾಗಿ ಖಚಿತಪಡಿಸಿಕೊಳ್ಳಬೇಕು. ಹೊಸ ವ್ಯವಸ್ಥೆಗೆ ಮರಳಲು ಅಗತ್ಯವಾದ ರಿಕವರಿ ಡ್ರೈವನ್ನು ಸಿದ್ಧಪಡಿಸಿಟ್ಟುಕೊಳ್ಳುವುದು ವಿವೇಕಯುತ.