ಮೆಮೊರಿ ಮುಗಿದ ಮೇಲೆ ಬಂದ ನೆರಳು

1985ರ ಅಕ್ಟೋಬರ್ ತಿಂಗಳು. ನ್ಯೂಯಾರ್ಕ್ ನಗರದ ಉತ್ತರಕ್ಕಿರುವ ಚಪಕ್ವಾ ಎಂಬ ಊರಿನಲ್ಲಿ, ಕಾರು ನಿಲ್ಲಿಸುವ ಬಯಲೊಂದರಲ್ಲಿ, ಬಿಳಿ ಬಟ್ಟೆ ತೊಟ್ಟ ಹುಡುಗನೊಬ್ಬ ಓಡುತ್ತಿದ್ದ. ಓಡಿ ಗಕ್ಕನೆ ನಿಲ್ಲುತ್ತಿದ್ದ, ತಿರುಗುತ್ತಿದ್ದ, ಮತ್ತೆ ಓಡಿ ನೆಗೆಯುತ್ತಿದ್ದ. ಗೋಡೆಯ ಅಂಚು ಹಿಡಿದು ಜೋತುಬಿದ್ದು ಮೈಯನ್ನು ಮೇಲಕ್ಕೆಳೆದುಕೊಳ್ಳುತ್ತಿದ್ದ. ಎದುರಿಗೆ ಅವನ ಅಣ್ಣ ವಿಡಿಯೊ ಕ್ಯಾಮೆರಾ ಹಿಡಿದು ನಿಂತಿದ್ದ. ತಮ್ಮನ ಹೆಸರು ಡೇವಿಡ್, ಅಣ್ಣ ಜೋರ್ಡನ್ ಮೆಕ್ನರ್. ಅದೇ ವರ್ಷ ಯೇಲ್ ವಿಶ್ವವಿದ್ಯಾಲಯದಿಂದ ಪದವಿ ಪಡೆದು ಹೊರಬಂದಿದ್ದ ಅಣ್ಣನಿಗೆ ಇಪ್ಪತ್ತೊಂದು ವರ್ಷ.

ಅಷ್ಟು ಚಿಕ್ಕ ವಯಸ್ಸಿಗೇ ಅವನ ಹೆಸರಿನಲ್ಲಿ ಒಂದು ಗೆಲುವಿತ್ತು. ವಿದ್ಯಾರ್ಥಿಯಾಗಿದ್ದಾಗ ಅವನು ರಚಿಸಿದ ‘ಕರಾಟೆಕ’ ಎಂಬ ಆಟವನ್ನು ಕ್ಯಾಲಿಫೋರ್ನಿಯದ ಬ್ರೋಡರ್‌ಬಂಡ್ ಕಂಪನಿ 1984ರಲ್ಲಿ ಹೊರತಂದಿತ್ತು. ಅದು ಚೆನ್ನಾಗಿಯೇ ಮಾರಾಟವಾಗಿತ್ತು. ಮುಂದಿನ ಆಟಕ್ಕೆ ಅವನ ಮನಸ್ಸಿನಲ್ಲಿದ್ದದ್ದು ಅರಬ್ಬಿ ಕತೆಗಳ ಲೋಕ: ಒಂದು ಕತ್ತಲೆಯ ಸೆರೆಮನೆ, ಮೇಲೆ ಗೋಪುರದಲ್ಲಿ ಬಂಧಿಯಾದ ರಾಜಕುಮಾರಿ, ದುಷ್ಟ ಮಂತ್ರಿ ಜಾಫರ್, ಮತ್ತು ಬರಿಗೈಯಲ್ಲಿ ಓಡಬೇಕಾದ ಒಬ್ಬ ತರುಣ. ಅವನ ಕಣ್ಣ ಮುಂದೆ ಇನ್ನೊಂದು ಚಿತ್ರವೂ ಇತ್ತು. ‘ರೇಡರ್ಸ್ ಆಫ್ ದ ಲಾಸ್ಟ್ ಆರ್ಕ್’ ಸಿನಿಮಾದ ಮೊದಲ ಹತ್ತು ನಿಮಿಷಗಳಲ್ಲಿ ನಾಯಕ ಹಳ್ಳ ನೆಗೆದು, ಬೆರಳ ತುದಿಯಲ್ಲಿ ನೇತಾಡಿ, ಮುಚ್ಚಿಕೊಳ್ಳುವ ಬಾಗಿಲಡಿ ನುಸುಳಿ ಪಾರಾಗುತ್ತಾನಲ್ಲ, ಆ ಜೀವಭಯ ಆಟಗಾರನ ಬೆರಳಿಗೂ ಬರಬೇಕೆಂದು ಮೆಕ್ನರ್ ಹಟ ಹಿಡಿದಿದ್ದ. ಆ ಕಾಲದ ಆಟಗಳಲ್ಲಿ ನಾಯಕರು ಚೆಂಡಿನಂತೆ ಪುಟಿಯುತ್ತಿದ್ದರು. ಅವರು ಎಷ್ಟು ಎತ್ತರದಿಂದ ಬಿದ್ದರೂ ನೋಡುವವನ ಎದೆ ಝಲ್ಲೆನ್ನುತ್ತಿರಲಿಲ್ಲ.

ಹಣವೂ ಇಲ್ಲ, ಚಿತ್ರಕಾರರ ತಂಡವೂ ಇಲ್ಲ. ತಾನೇ ಬರೆಯಬೇಕು, ತಾನೇ ಬಿಡಿಸಬೇಕು. ಮನುಷ್ಯ ಓಡುವುದನ್ನು ಕಲ್ಪನೆಯಿಂದ ಬಿಡಿಸುವಷ್ಟು ಚಿತ್ರಕಲೆ ಅವನಿಗೆ ಬರುತ್ತಿರಲಿಲ್ಲ. ಆ ಕೊರತೆಯೇ ಅವನನ್ನು ತಮ್ಮನ ಮುಂದೆ ಕ್ಯಾಮೆರಾ ಹಿಡಿದು ನಿಲ್ಲಿಸಿತ್ತು. ಟೇಪನ್ನು ಕಂಪ್ಯೂಟರಿಗೆ ದಾಟಿಸುವ ದಾರಿ ಮಾತ್ರ ಕಷ್ಟದ್ದಾಗಿತ್ತು. ವಿಸಿಆರ್‌ನಲ್ಲಿ ಟೇಪನ್ನು ಒಂದೊಂದೇ ಚೌಕಟ್ಟಿಗೆ ನಿಲ್ಲಿಸಬೇಕು. ಕತ್ತಲೆ ಕೋಣೆಯಲ್ಲಿ ಟಿವಿ ಪರದೆಯ ಫೋಟೋ ತೆಗೆಯಬೇಕು. ರೀಲನ್ನು ತೊಳೆಸಿ ಪ್ರಿಂಟ್ ಹಾಕಿಸಬೇಕು. ಆಮೇಲೆ ಕಪ್ಪು ಮಾರ್ಕರ್ ಮತ್ತು ಬಿಳಿ ದ್ರವ ಹಿಡಿದು ತಮ್ಮನ ಆಕೃತಿಯೊಂದನ್ನೇ ಉಳಿಸಿ ಮಿಕ್ಕಿದ್ದನ್ನೆಲ್ಲ ಅಳಿಸಬೇಕು. ಅದನ್ನು ಜೆರಾಕ್ಸ್ ಮಾಡಿ, ಮತ್ತೆ ಕ್ಯಾಮೆರಾದ ಮೂಲಕ ಆಪಲ್ 2 ಕಂಪ್ಯೂಟರಿಗೆ ತುಂಬಿ, ಕೊನೆಗೆ ಪಿಕ್ಸೆಲ್ ಪಿಕ್ಸೆಲ್ಲಾಗಿ ತಿದ್ದಬೇಕು. ಒಂದು ನೆಗೆತಕ್ಕೆ ಇಷ್ಟು ಕೆಲಸ. ಹೀಗೆ ತಿದ್ದಿದ ಚಿತ್ರಗಳನ್ನು ಸಾಲಾಗಿ ಓಡಿಸಿದಾಗ ಪರದೆಯ ಮೇಲೆ ಬೆರಳುದ್ದದ ಒಬ್ಬ ಮನುಷ್ಯ ಓಡಿದ. ಅವನ ಕಾಲಿಗೆ ಭಾರವಿತ್ತು, ನಿಲ್ಲುವಾಗ ಮೈ ಮುಂದಕ್ಕೆ ವಾಲುತ್ತಿತ್ತು. ಅದು ಡೇವಿಡ್‌ನ ಓಟವೇ ಆಗಿತ್ತು.

1986ರ ಸೆಪ್ಟೆಂಬರಿನಲ್ಲಿ ಮೆಕ್ನರ್ ಕ್ಯಾಲಿಫೋರ್ನಿಯದ ಸಾನ್ ರಫೇಲ್‌ಗೆ ಹೋಗಿ ಬ್ರೋಡರ್‌ಬಂಡ್ ಕಚೇರಿಯಲ್ಲೇ ಕುಳಿತು ಕೆಲಸ ಶುರುಮಾಡಿದ. ಆದರೆ ಮನಸ್ಸು ಎರಡು ಕಡೆ ಎಳೆಯುತ್ತಿತ್ತು. ಅವನಿಗೆ ಸಿನಿಮಾ ಬರೆಯುವ ಆಸೆ. ಆಟವನ್ನು ತಿಂಗಳುಗಟ್ಟಲೆ ಮೂಲೆಗೆ ಸರಿಸಿ ಚಿತ್ರಕತೆ ಬರೆದ, ಹಾಲಿವುಡ್ಡಿನ ಬಾಗಿಲು ತಟ್ಟಿದ. ಆ ಚಿತ್ರಕತೆ ಸಿನಿಮಾ ಆಗಲಿಲ್ಲ. ಮರಳಿ ಕೀಲಿಮಣೆಯ ಮುಂದೆ ಕುಳಿತಾಗ ಆಟ ಬಿಟ್ಟಲ್ಲೇ ಇತ್ತು. ಆಪಲ್ 2ರ ಕಾಲ ಮಾತ್ರ ಮುಂದೆ ಸಾಗಿತ್ತು. 1977ರಲ್ಲಿ ಬಂದ ಆ ಯಂತ್ರವನ್ನು ಅಂಗಡಿಗಳು ಒಂದೊಂದಾಗಿ ಮರೆಯುತ್ತಿದ್ದವು. ಹೊಸ ಯಂತ್ರಕ್ಕೆ ಬದಲಾಯಿಸಿದರೆ ಇದುವರೆಗಿನ ದುಡಿಮೆ ಮಣ್ಣುಪಾಲು. ಬದಲಾಯಿಸದಿದ್ದರೆ ಮುಗಿಯುವ ಹೊತ್ತಿಗೆ ಕೊಳ್ಳುವವರೇ ಇರುವುದಿಲ್ಲ. ಅವನು ಹಳೆಯ ಯಂತ್ರವನ್ನೇ ನೆಚ್ಚಿಕೊಂಡ.

ಅವನು ಬಳಸಿದ ಆಪಲ್ 2 ಮಾದರಿಯ ಒಟ್ಟು ಮೆಮೊರಿ 128 ಕಿಲೋಬೈಟ್. ಇಂದು ಮೊಬೈಲಿನಲ್ಲಿ ತೆಗೆಯುವ ಒಂದೇ ಒಂದು ಫೋಟೋ ಅದರ ಹತ್ತಾರು ಪಟ್ಟು ಜಾಗ ತಿನ್ನುತ್ತದೆ. ಅಷ್ಟರಲ್ಲೇ ಇಡೀ ಪ್ರೋಗ್ರಾಂ, ಸೆರೆಮನೆಯ ಗೋಡೆ, ಕಂಬ, ಕಬ್ಬಿಣದ ಬಾಗಿಲು, ನೆಲದಿಂದ ಚಿಮ್ಮುವ ಈಟಿ, ಸದ್ದು, ಸಂಗೀತ ಎಲ್ಲವೂ ಹಿಡಿಸಬೇಕಿತ್ತು. ಮತ್ತು ಆ ತರುಣ, ಆಟದ ರಾಜಕುಮಾರ! ಅವನ ಓಟದ ಆರಂಭಕ್ಕೆ ಬೇರೆ ಚಿತ್ರಗಳು, ನಿಲ್ಲುವುದಕ್ಕೆ ಬೇರೆ, ತಿರುಗುವುದಕ್ಕೆ ಬೇರೆ, ಜೋತಾಡುವುದಕ್ಕೆ, ಹತ್ತುವುದಕ್ಕೆ, ಬಗ್ಗುವುದಕ್ಕೆ, ಬೀಳುವುದಕ್ಕೆ ಬೇರೆ ಬೇರೆ. ಆಟದ ಜೀವಾಳವೇ ಆ ಚಲನೆ. ಆಟದ ಮೆಮೊರಿಯನ್ನು ನುಂಗಿಹಾಕಿದ್ದೂ ಅದೇ.

1988ರ ಹೊತ್ತಿಗೆ ರಾಜಕುಮಾರ ಅದ್ಭುತವಾಗಿ ಓಡುತ್ತಿದ್ದ, ನೆಗೆಯುತ್ತಿದ್ದ, ಈಟಿಗಳ ಮೇಲೆ ಬಿದ್ದು ಸಾಯುತ್ತಿದ್ದ. ಆದರೂ ಸೆರೆಮನೆ ಬಿಕೋ ಎನ್ನುತ್ತಿತ್ತು. ಅವನನ್ನು ತಡೆಯುವವರಿಲ್ಲ, ಅಟ್ಟುವವರಿಲ್ಲ. ಅದೇ ಕಚೇರಿಯಲ್ಲಿ ಮೆಕ್ನರ್‌ನ ಗೆಳತಿ ಟೋಮಿ ಪಿಯರ್ಸ್ ಕೆಲಸ ಮಾಡುತ್ತಿದ್ದಳು. ಆಟವನ್ನು ನೋಡಿದಾಗಲೆಲ್ಲ ಅವಳದು ಒಂದೇ ಬೇಡಿಕೆ: ಇದರಲ್ಲಿ ಕಾದಾಟ ಬೇಕು. ಮೆಕ್ನರ್ ಒಪ್ಪಲಿಲ್ಲ. ತನ್ನ ನಾಯಕ ಯಾರನ್ನೂ ಕೊಲ್ಲದೆ ಪಾರಾಗಬೇಕೆಂಬುದು ಅವನ ಮೊದಲಿನ ಕನಸು. ಒಪ್ಪಿದರೂ ಪ್ರಯೋಜನವಿರಲಿಲ್ಲ. ಒಬ್ಬ ಎದುರಾಳಿ ಬರಬೇಕೆಂದರೆ ಅವನಿಗೂ ಓಟ, ನಡೆ, ಪೆಟ್ಟು, ಸಾವು ಬೇಕು. ಅವಕ್ಕೆಲ್ಲ ಚಿತ್ರಗಳು ಬೇಕು. ಚಿತ್ರಗಳಿಗೆ ಮೆಮೊರಿ ಬೇಕು. ಅದು ಖಾಲಿಯಾಗಿತ್ತು. ಟೋಮಿ ಹಿಡಿದ ಪಟ್ಟು ಬಿಡಲಿಲ್ಲ. ಆಟಕ್ಕೆ ಏನೋ ಕಡಿಮೆ ಎಂದು ಅವಳಿಗೆ ಗೊತ್ತಿತ್ತು. ಮೆಕ್ನರ್‌ಗೂ ಒಳಗೊಳಗೇ ಗೊತ್ತಿತ್ತು. ಅದಕ್ಕೇ ಆ ಮಾತು ಅವನನ್ನು ಅಷ್ಟು ಕೆಣಕಿತು.

ದಾರಿ ತೆರೆದದ್ದು ಆ ಜಗ್ಗಾಟದಿಂದಲೇ. ಹೊಸ ಮನುಷ್ಯನಿಗೆ ಜಾಗವಿಲ್ಲ, ಸರಿ. ಇರುವ ಮನುಷ್ಯನನ್ನೇ ಎರಡು ಸಲ ತೋರಿಸಿದರೆ? ರಾಜಕುಮಾರನ ಎದುರು ರಾಜಕುಮಾರನನ್ನೇ ನಿಲ್ಲಿಸಿದರೆ? ಹಾಗೆ ಮಾಡಿದರೆ ಇಬ್ಬರಲ್ಲಿ ಯಾರು ಯಾರೆಂದು ತಿಳಿಯುವುದಿಲ್ಲ. ಇಬ್ಬರೂ ಒಂದೇ ಅಚ್ಚು. ಎರಡನೆಯವನು ಬೇರೆಯಾಗಿ ಕಾಣಬೇಕು, ಆದರೆ ಅವನಿಗಾಗಿ ಹೊಸದಾಗಿ ಏನನ್ನೂ ಬಿಡಿಸುವಂತಿಲ್ಲ. ಮೆಕ್ನರ್ ಪ್ರೋಗ್ರಾಮಿನೊಳಗೆ ಕೈಯಿಟ್ಟು, ಅದೇ ಚಿತ್ರವನ್ನು ಬಿಡಿಸುವ ವಿಧಾನವನ್ನು ತುಸು ಬದಲಿಸಿ ನೋಡಿದ. ಪರದೆಯ ಮೇಲೆ ಮೂಡಿದ ಆಕೃತಿಗೆ ಅಂಚಿತ್ತು, ಒಡಲಿರಲಿಲ್ಲ. ಮಿನುಗುವ ಗೆರೆಗಳಲ್ಲಿ ಒಬ್ಬ ಪ್ರೇತ ಓಡಿದ. ನಡೆ ರಾಜಕುಮಾರನದೇ, ಮೈ ಮಾತ್ರ ಬೇರೆ ಲೋಕದ್ದು. ಅವನಿಗೆ ಷ್ಯಾಡೋ ಮ್ಯಾನ್ ಎಂದು ಹೆಸರಾಯಿತು.

ಹೆಸರು ಬಂದದ್ದೇ ತಡ, ಕತೆ ತಾನಾಗಿ ಬೆಳೆಯಿತು. ಈ ನೆರಳು ಎಲ್ಲಿಂದ ಬಂತು? ಕನ್ನಡಿಯಿಂದ. ಆಟದ ನಾಲ್ಕನೆಯ ಹಂತದಲ್ಲಿ ದಾರಿಗಡ್ಡವಾಗಿ ಒಂದು ಕನ್ನಡಿ ನಿಂತಿರುತ್ತದೆ. ಓಡಿಬಂದು ಅದರೊಳಕ್ಕೆ ನೆಗೆದರೆ ರಾಜಕುಮಾರ ಈಚೆ ಬರುತ್ತಾನೆ, ಅವನ ನೆರಳು ಆಚೆ ಹಾರಿ ಓಡಿಹೋಗುತ್ತದೆ. ಹೋಗುವಾಗ, ಪರದೆಯಲ್ಲಿ ತ್ರಿಕೋನಗಳಾಗಿ ಕಾಣುವ ಅವನ ಪ್ರಾಣಶಕ್ತಿಯನ್ನು ಕೊನೆಯ ಒಂದು ತ್ರಿಕೋನದಷ್ಟೇ ಉಳಿಸಿ ಹೋಗುತ್ತದೆ. ಮುಂದಿನ ಹಂತದಲ್ಲಿ ರಾಜಕುಮಾರನಿಗೆ ದಕ್ಕಬೇಕಾದ ಔಷಧವನ್ನು ಅದು ಕಣ್ಣೆದುರೇ ಕುಡಿದು ಮಾಯವಾಗುತ್ತದೆ. ಅದರ ಮುಂದಿನದರಲ್ಲಿ, ನೆಗೆದು ಅಂಚು ಹಿಡಿಯಬೇಕೆನ್ನುವಷ್ಟರಲ್ಲಿ, ಬಾಗಿಲು ಮುಚ್ಚಿಸಿ ಪಾತಾಳಕ್ಕೆ ಬೀಳಿಸುತ್ತದೆ. ಹನ್ನೆರಡನೆಯ ಹಂತದಲ್ಲಿ ಇಬ್ಬರೂ ಮುಖಾಮುಖಿಯಾಗುತ್ತಾರೆ. ಆಟಗಾರ ಸೇಡಿನಿಂದ ಕತ್ತಿ ಬೀಸಿದರೆ ಪೆಟ್ಟು ತನಗೇ ಬೀಳುತ್ತದೆ. ನೆರಳನ್ನು ಕೊಂದವನು ತಾನೂ ಸಾಯುತ್ತಾನೆ. ಕತ್ತಿಯನ್ನು ಒರೆಗೆ ಸೇರಿಸಿದರೆ ನೆರಳೂ ಸೇರಿಸುತ್ತದೆ. ಇಬ್ಬರೂ ಒಬ್ಬರತ್ತ ಒಬ್ಬರು ಓಡಿ ಒಂದಾಗುತ್ತಾರೆ. ಕೊಲ್ಲದೆ ಗೆಲ್ಲುವ ನಾಯಕ ಬೇಕೆಂದು ಮೆಕ್ನರ್ ಮೊದಲು ಬಯಸಿದ್ದು ಇಲ್ಲಿ, ತೀರಾ ಬೇರೆ ದಾರಿಯಲ್ಲಿ, ಕೈಗೂಡಿತು.

ಆ ಮೇಲೆ ಟೋಮಿಯ ಮಾತಿಗೆ ಎದುರಾಡುವ ಕಾರಣ ಉಳಿಯಲಿಲ್ಲ. ಮೆಕ್ನರ್ ಬರೆದ ಕೋಡನ್ನೇ ಮತ್ತೆ ಮತ್ತೆ ಹಿಂಡಿ, ಇಲ್ಲಿ ಒಂದಿಷ್ಟು ಅಲ್ಲಿ ಒಂದಿಷ್ಟು ಬೈಟುಗಳನ್ನು ಬಿಡಿಸಿಕೊಂಡು, ಕತ್ತಿ ಹಿಡಿದ ಕಾವಲುಗಾರರಿಗೂ ಜಾಗ ಮಾಡಿದ. ಕತ್ತಿವರಸೆಗೆ ತಮ್ಮನನ್ನು ಕರೆಯುವಂತಿರಲಿಲ್ಲ, ಆ ವಿದ್ಯೆ ಬೇಕಿತ್ತಲ್ಲ. ಅದು ಸಿಕ್ಕಿದ್ದು 1938ರ ‘ದಿ ಅಡ್ವೆಂಚರ್ಸ್ ಆಫ್ ರಾಬಿನ್ ಹುಡ್’ ಸಿನಿಮಾದಲ್ಲಿ. ಎರಾಲ್ ಫ್ಲಿನ್ ಮತ್ತು ಬ್ಯಾಸಿಲ್ ರ‍್ಯಾತ್‌ಬೋನ್ ಕಾದಾಡುವ ದೃಶ್ಯದಲ್ಲಿ ಸುಮಾರು ಆರು ಸೆಕೆಂಡು ಇಬ್ಬರೂ ಕ್ಯಾಮೆರಾಕ್ಕೆ ಸರಿಯಾಗಿ ಪಕ್ಕಮುಖ ತೋರಿಸಿ ನಿಲ್ಲುತ್ತಾರೆ. ಆಟಕ್ಕೆ ಬೇಕಾದದ್ದು ಅದೇ ಕೋನ. ಆ ಆರು ಸೆಕೆಂಡುಗಳಿಂದ ಆಟದ ಕತ್ತಿಕಾಳಗ ಎದ್ದುಬಂತು. ಸಂಗೀತವನ್ನು ಮನಶ್ಶಾಸ್ತ್ರಜ್ಞರಾದ ತಂದೆ ಫ್ರಾನ್ಸಿಸ್ ಮೆಕ್ನರ್ ಒದಗಿಸಿದರು. ತಮ್ಮನ ಮೈ, ತಂದೆಯ ರಾಗ, ಗೆಳತಿಯ ಹಟ: ಈ ಆಟದ ಬಂಡವಾಳ ಬಹುಮಟ್ಟಿಗೆ ಇಷ್ಟೇ.

‘ಪ್ರಿನ್ಸ್ ಆಫ್ ಪರ್ಷಿಯಾ’ 1989ರ ಅಕ್ಟೋಬರಿನಲ್ಲಿ ಆಪಲ್ 2ಕ್ಕೆ ಬಿಡುಗಡೆಯಾಯಿತು. ಹೊಗಳಿಕೆ ಬಂತು, ಗಿರಾಕಿಗಳು ಬರಲಿಲ್ಲ. ಭಯಪಟ್ಟಂತೆಯೇ ಆಪಲ್ 2ರ ಮಾರುಕಟ್ಟೆ ಬತ್ತಿತ್ತು. ಮರುವರ್ಷ ಡಾಸ್ ಕಂಪ್ಯೂಟರಿಗೆ ಬಂದ ಆವೃತ್ತಿಯೂ ಅಮೆರಿಕದಲ್ಲಿ ತೆವಳಿಕೊಂಡೇ ಸಾಗಿತು. ನಾಲ್ಕು ವರ್ಷ ತಿಂದ ಆಟ ಅಂಗಡಿಯ ಕಪಾಟಿನಲ್ಲೇ ಉಸಿರು ಬಿಡುವಂತಿತ್ತು. ಅದನ್ನು ಉಳಿಸಿದ್ದು ಹೊರದೇಶಗಳು. ಜಪಾನ್ ಮತ್ತು ಯುರೋಪಿನಲ್ಲಿ ಅದು ಒಂದೊಂದೇ ಯಂತ್ರಕ್ಕೆ ಹಬ್ಬಿತು. 1992ರಲ್ಲಿ ಮ್ಯಾಕಿಂಟಾಷ್ ಆವೃತ್ತಿ ಹೊಸ ಪೆಟ್ಟಿಗೆಯಲ್ಲಿ ಬಂದಾಗ ಅಮೆರಿಕವೂ ತಿರುಗಿ ನೋಡಿತು. ಒಟ್ಟು ಮಾರಾಟ ಇಪ್ಪತ್ತು ಲಕ್ಷ ದಾಟಿತು. ತೊಂಬತ್ತರ ದಶಕದಲ್ಲಿ ಡಾಸ್ ಕಲಿಸುತ್ತಿದ್ದ ನಮ್ಮ ಕಂಪ್ಯೂಟರ್ ತರಗತಿಗಳಿಗೂ ಫ್ಲಾಪಿಯ ಮೂಲಕ ಆ ರಾಜಕುಮಾರ ತಲುಪಿದ. ಮೇಷ್ಟ್ರು ಆಚೆ ಹೋದ ಕೂಡಲೇ ಪರದೆಯಲ್ಲಿ ಪ್ರತ್ಯಕ್ಷನಾಗುತ್ತಿದ್ದ.

ಅವನ ದೌರ್ಬಲ್ಯಗಳು ಆಗಲೇ ಎದ್ದುಕಾಣುತ್ತಿದ್ದವು. ಕೀಲಿ ಒತ್ತಿದ ಕ್ಷಣಕ್ಕೆ ಅವನು ನಿಲ್ಲುವುದಿಲ್ಲ. ಎರಡು ಹೆಜ್ಜೆ ಜಾರಿ ನಿಲ್ಲುತ್ತಾನೆ, ಅಷ್ಟರಲ್ಲಿ ನೆಲ ಮುಗಿದಿರುತ್ತದೆ. ಮಾರಿಯೋ ಆಡಿ ಪಳಗಿದ ಬೆರಳುಗಳಿಗೆ ಇವನು ಮೊಂಡ, ಮಾತು ಕೇಳದವನು. ಕತ್ತಿಕಾಳಗವೂ ಒಮ್ಮೆ ಲಯ ಹಿಡಿದರೆ ಹೆಚ್ಚು ಬದಲಾಗುವುದಿಲ್ಲ. ಇದೆಲ್ಲ ನಿಜವಾದ ಕೊರತೆ, ಮುಚ್ಚಿಡುವಂಥದ್ದಲ್ಲ. ಆದರೆ ಆ ನಿಧಾನದ ಬೇರು ಡೇವಿಡ್‌ನ ಓಟದಲ್ಲಿದೆ. ಓಡುತ್ತಿರುವ ಮನುಷ್ಯ ಥಟ್ಟನೆ ನಿಲ್ಲಲಾರ. ಎರಡು ಅಂತಸ್ತು ಬಿದ್ದರೆ ಒಂದು ತ್ರಿಕೋನ ನಷ್ಟ, ಮೂರು ಬಿದ್ದರೆ ಸಾವು. ಆ ಮೈಗೆ ತೂಕವಿರುವುದರಿಂದಲೇ ಬೀಳುವಾಗ ಭಯ ಹುಟ್ಟುತ್ತದೆ. ನಿಧಾನವನ್ನು ತೆಗೆದರೆ ಭಯವೂ ಹೋಗುತ್ತದೆ, ಆಟದಲ್ಲಿ ಉಳಿಯುವುದು ಬರೀ ಗೋಡೆ.

ಮೆಕ್ನರ್ ಮುಂದೆ ಬೇರೆ ಕೆಲಸಗಳಿಗೆ ಹೋದ. 2003ರಲ್ಲಿ ‘ದಿ ಸ್ಯಾಂಡ್ಸ್ ಆಫ್ ಟೈಮ್’ ಎಂಬ ಹೊಸ ಆಟ ಬಂದು ರಾಜಕುಮಾರ ಮರುಹುಟ್ಟು ಪಡೆದ. ಆದರೆ ಮೊದಲ ಆಟದ ಸೋರ್ಸ್ ಕೋಡ್, ನಾಲ್ಕು ವರ್ಷದ ಆ ಬರವಣಿಗೆ, ಎಲ್ಲೋ ಕಳೆದುಹೋಗಿತ್ತು. ಹತ್ತು ವರ್ಷ ಹುಡುಕಿ ಅವನು ಆಸೆ ಬಿಟ್ಟಿದ್ದ. 2012ರ ಮಾರ್ಚಿನಲ್ಲಿ ತಂದೆ ಮನೆಯ ಕಪಾಟಿನ ಹಿಂಭಾಗದಲ್ಲಿ ಸಿಕ್ಕಿತೆಂದು ಹಳೆಯ ರಟ್ಟಿನ ಪೆಟ್ಟಿಗೆಯೊಂದನ್ನು ಕಳಿಸಿಕೊಟ್ಟರು. ಅದರಲ್ಲಿ ಫ್ಲಾಪಿಗಳಿದ್ದವು, ಮೇಲೆ ಅವನದೇ ಕೈಬರಹವಿತ್ತು. ಇಪ್ಪತ್ತಕ್ಕೂ ಹೆಚ್ಚು ವರ್ಷ ಮೂಲೆಯಲ್ಲಿ ಬಿದ್ದ ಫ್ಲಾಪಿಯಲ್ಲಿ ಅಕ್ಷರ ಉಳಿದಿರುತ್ತದೆಂಬ ಖಾತರಿ ಯಾರಿಗೂ ಇರಲಿಲ್ಲ. ಏಪ್ರಿಲ್‌ನಲ್ಲಿ ಡಿಜಿಟಲ್ ದಾಖಲೆಗಳನ್ನು ಕಾಪಾಡುವ ಜೇಸನ್ ಸ್ಕಾಟ್ ಮತ್ತು ಹಳೆಯ ಆಪಲ್ ಯಂತ್ರಗಳ ನಿಪುಣ ಟೋನಿ ಡಿಯಾಸ್ ಅವುಗಳನ್ನು ಜೋಪಾನವಾಗಿ ಓದಿಸಿದರು. ಕೋಡ್ ಹೊರಬಂತು. ಮೆಕ್ನರ್ ಅದನ್ನು ಎಲ್ಲರೂ ನೋಡಲೆಂದು ಗಿಟ್‌ಹಬ್ ಜಾಲತಾಣದಲ್ಲಿ ಇಟ್ಟ.

ಆ ಕೋಡಿನಲ್ಲಿದ್ದ ನೆರಳಿನ ಗುಟ್ಟು ಸರಳ. ಕಂಪ್ಯೂಟರಿಗೆ ಚಿತ್ರವೆಂದರೆ ಒಂದು ಮತ್ತು ಸೊನ್ನೆಗಳ ಸಾಲು. ರಾಜಕುಮಾರನ ಚಿತ್ರವನ್ನು ಅದೇ ಚಿತ್ರದ ಮೇಲೆ, ಒಂದು ಪಿಕ್ಸೆಲ್ ಪಕ್ಕಕ್ಕೆ ಸರಿಸಿ ಇಟ್ಟು, ಎಕ್ಸ್‌ಕ್ಲೂಸಿವ್-ಆರ್ ಎಂಬ ಲೆಕ್ಕ ಮಾಡಿದರೆ, ಎರಡು ಬಿಟ್‌ಗಳು ಒಂದೇ ಆಗಿರುವಲ್ಲಿ ಸೊನ್ನೆ ಬರುತ್ತದೆ, ಬೇರೆಯಾಗಿರುವಲ್ಲಿ ಒಂದು. ಮೈಯ ಒಳಭಾಗದಲ್ಲಿ ಅಕ್ಕಪಕ್ಕದ ಬಿಟ್‌ಗಳು ಸಾಮಾನ್ಯವಾಗಿ ಒಂದೇ, ಹಾಗಾಗಿ ಅದು ಅಳಿದು ಕಪ್ಪಾಗುತ್ತದೆ. ಅಂಚಿನಲ್ಲಿ ಮಾತ್ರ ಅವು ಬೇರೆ, ಅಲ್ಲಿ ಬೆಳಕಿನ ಗೆರೆ ಉಳಿಯುತ್ತದೆ. ಈ ಲೆಕ್ಕ ಪ್ರತಿ ಸಲ ಚಿತ್ರ ಬಿಡಿಸುವಾಗಲೇ ನಡೆಯುವುದರಿಂದ, ನೆರಳಿಗೆಂದು ಬೇರೆ ಚಿತ್ರಗಳನ್ನು ಮೆಮೊರಿಯಲ್ಲಿ ಇಡಬೇಕಾಗಲಿಲ್ಲ.

2018ರಲ್ಲಿ ಬ್ರಿಟನ್ನಿನ ಹಳೆಯ ಕಂಪ್ಯೂಟರ್ ಪ್ರಿಯರ ಗುಂಪೊಂದು ಮೆಕ್ನರ್‌ನ ಅದೇ ಕೋಡನ್ನು ಆಧರಿಸಿ ಆಟವನ್ನು ಬಿಬಿಸಿ ಮಾಸ್ಟರ್ ಕಂಪ್ಯೂಟರಿಗೆ ತಂದಿತು. 1986ರಲ್ಲಿ ಬಂದ ಆ ಯಂತ್ರದ ಮೆಮೊರಿಯೂ 128 ಕಿಲೋಬೈಟ್.